ಅರಸಾಳಿನ ಹಳೆಯ ನಿಲ್ದಾಣ

ಶಿವಮೊಗ್ಗದಿಂದ ಸಾಗರದ ಕಡೆಗೆ ಹೋಗುವ ರೈಲು ದಾರಿಯಲ್ಲಿ, ಹೊಸನಗರ ತಾಲ್ಲೂಕಿಗೆ ಸೇರಿದ ಅರಸಾಳು ಗ್ರಾಮದ ಬಳಿ, ಮೀಟರ್ ಗೇಜಿನ ಕಾಲದ ಸಣ್ಣದೊಂದು ನಿಲ್ದಾಣದ ಕಟ್ಟಡವಿರುವುದು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದ ವಿಷಯವೇ ಆಗಿದೆ. ಹಳಿಗಳು ಅಗಲವಾಗಿ ಹೊಸ ನಿಲ್ದಾಣವು ಎದ್ದ ಮೇಲೆ ಆ ಕಟ್ಟಡಕ್ಕೆ ಕೆಲಸವಿಲ್ಲದೆ ಹೋಯಿತು. ಟಿಕೆಟ್ಟಿನ ಕಿಟಕಿ ಮುಚ್ಚಿತು. ಮಲೆನಾಡಿನ ಮಳೆಯು ತನ್ನ ಕೆಲಸವನ್ನು ಮಾಡತೊಡಗಿತು. ಹೀಗೆ ಕೆಲವು ವರ್ಷ ಅನಾಥವಾಗಿ ನಿಂತಿದ್ದ ಕಟ್ಟಡವನ್ನು ರೈಲ್ವೆಯವರು ಸುಮಾರು 1.3 ಕೋಟಿ ರೂಪಾಯಿಗಳ ವೆಚ್ಚದಿಂದ ದುರಸ್ತಿಪಡಿಸಿ, 2020ರಲ್ಲಿ ‘ಮಾಲ್ಗುಡಿ’ ವಸ್ತುಸಂಗ್ರಹಾಲಯವೆಂದು ತೆರೆದರು. ಅದಕ್ಕೆ ಸ್ವಲ್ಪ ಮುಂಚಿನಿಂದಲೂ ನಿಲ್ದಾಣದ ಹೆಸರನ್ನೇ ಮಾಲ್ಗುಡಿ ಎಂದು ಬದಲಿಸತಕ್ಕದ್ದೆಂಬ ಮಾತು ಕೇಳಿಬಂದಿತು. ಕಟ್ಟಡವನ್ನು ಉಳಿಸಿದುದು ನಮಗೆ ಸಂತೋಷವನ್ನುಂಟುಮಾಡಿದೆ. ಹೆಸರಿನ ಮಾತು ಮಾತ್ರ ನಮಗೆ ಸಮ್ಮತವಲ್ಲ. ಅದೇಕೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಪ್ರಶ್ನೆಯು ಒಂದು ನಾಮಫಲಕಕ್ಕೆ ಮಾತ್ರ ಸಂಬಂಧಪಟ್ಟುದಲ್ಲ.

ಈ ದಾರಿಯ ಚರಿತ್ರೆಯನ್ನು ಹಿಂದಿನಿಂದ ನೋಡುವುದು ಒಳ್ಳೆಯದು. ಬೀರೂರಿನಿಂದ ಶಿವಮೊಗ್ಗಕ್ಕೆ ಉಗಿಬಂಡಿ ಬಂದುದು 1899ರಲ್ಲಿ, ಶೇಷಾದ್ರಿ ಅಯ್ಯರವರು ಮೈಸೂರಿನ ದಿವಾನರಾಗಿದ್ದಾಗ. ಅಲ್ಲಿಗೆ ಬಂದ ಹಳಿ ಅಲ್ಲಿಯೇ ಬಹುಕಾಲ ನಿಂತುಬಿಟ್ಟಿತು. ಶಿವಮೊಗ್ಗದಿಂದಾಚೆಗೆ ಕುಂಸಿ, ಆನಂದಪುರ, ಸಾಗರಗಳ ಜನರು ಮೊದಲು ಎತ್ತಿನ ಗಾಡಿಯನ್ನೂ, ಅನಂತರ ಮೋಟಾರನ್ನೂ ನೆಚ್ಚಿದ್ದರು. ಮಳೆಗಾಲದಲ್ಲಿ ದೈವವನ್ನು ನೆಚ್ಚಿದ್ದರು. ಮೈಸೂರಿನ ಹಳಿಗಳನ್ನು ಬಹುಕಾಲ ನಡೆಸುತ್ತಿದ್ದವರು ಹೊರಗಿನ ಕಂಪೆನಿಯವರು. 1919ರಲ್ಲಿ ಮದ್ರಾಸ್ ಮತ್ತು ಸದರನ್ ಮರಾಠಾ ರೈಲ್ವೆ ಕಂಪೆನಿಯ ಕೈಯಿಂದ ಮೈಸೂರು ಸರ್ಕಾರದವರು ತಮ್ಮ ದಾರಿಗಳ ಆಡಳಿತವನ್ನು ತಾವೇ ವಹಿಸಿಕೊಂಡರು. ಶಿವಮೊಗ್ಗದಿಂದ ಮುಂದಕ್ಕೆ ಮಲೆನಾಡಿನೊಳಕ್ಕೆ ಹಳಿ ಹಾಯ್ದುದು ಇದಾದ ಬಳಿಕ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲರವರ ದಿವಾನಗಿರಿಯಲ್ಲಿ. ಅದು 1940ರಲ್ಲಿ ತಾಳಗುಪ್ಪವನ್ನು ಮುಟ್ಟಿತು. ಮಹಾರಾಜರು ಕಾಲವಾದುದೂ ಅದೇ ವರ್ಷವೇ. ಜೋಗದಲ್ಲಿ ವಿದ್ಯುದಾಗಾರವನ್ನು ಕಟ್ಟುವ ಕಾರ್ಯವು ಅದಕ್ಕೆ ಒಂದು ವರ್ಷ ಮುಂಚೆ ಆರಂಭವಾಗಿದ್ದಿತು. ತಾಳಗುಪ್ಪದಿಂದ ಜೋಗಕ್ಕೆ ಹತ್ತು ಮೈಲಿಯಷ್ಟು ದೂರ. ಅಲ್ಲಿಂದ ಮುಂದೆ ಘಟ್ಟವಿಳಿದು ಹೊನ್ನಾವರದ ಕಡಲನ್ನು ಸೇರಬೇಕೆಂದು ಜನರು ಎಷ್ಟು ಬೇಡಿದರೂ ಹಳಿಯು ಇಂದಿನವರೆಗೆ ತಾಳಗುಪ್ಪವನ್ನು ಬಿಟ್ಟು ಕದಲಿಲ್ಲ.

ಅಂದರೆ ಇದು ಯಾವ ಪರದೇಶದ ಕಂಪೆನಿಯೂ ಲಾಭಕ್ಕಾಗಿ ಹಾಕಿದ ದಾರಿಯಲ್ಲ. ಮೈಸೂರಿನ ಪ್ರಜೆಗಳ ತೆರಿಗೆಯ ಹಣದಿಂದ, ಮೈಸೂರಿನ ಸರ್ಕಾರವು, ಮೈಸೂರಿನ ಹಿಂದುಳಿದ ಮೂಲೆಯೊಂದಕ್ಕಾಗಿ ಹಾಕಿದ ದಾರಿ. ಶಿವಮೊಗ್ಗದಿಂದ ತಾಳಗುಪ್ಪದವರೆಗಿನ ಈ ಸುಮಾರು 97 ಕಿಲೋಮೀಟರುಗಳಲ್ಲಿ ಬರುವ ನಿಲ್ದಾಣಗಳ ಹೆಸರುಗಳನ್ನು ಓದಿಕೊಂಡು ಹೋದರೆ ಅದು ತಿಳಿಯುವುದು: ಕುಂಸಿ, ಅರಸಾಳು, ಆನಂದಪುರ, ಕಾನಲೆ. ಸಾಗರದ ನಿಲ್ದಾಣಕ್ಕೆ ಕೂಡ ಬರಿಯ ಸಾಗರವೆಂದು ಹೆಸರಿಲ್ಲ. ಪಕ್ಕದ ಹಳ್ಳಿಯನ್ನೂ ಸೇರಿಸಿ ‘ಸಾಗರ ಜಂಬಗಾರು’ ಎಂದು ಬರೆದಿದೆ. ದೇಶದ ಉತ್ತರದಲ್ಲಿ ಬೇರೊಂದು ಸಾಗರವಿರುವುದರಿಂದ ಹೀಗೆ ಮಾಡುವುದು ಅನುಕೂಲವೇ ಸರಿ. ಆದರೆ ಆ ಅನುಕೂಲಕ್ಕೆ ನೆರವಾದುದು ಒಂದು ಹಳ್ಳಿಯ ಹೆಸರೆಂಬುದನ್ನು ಗಮನಿಸಬೇಕು.

ಮೀಟರ್ ಗೇಜಿನ ಒಂಟಿ ಹಳಿಯ ಮೇಲೆ ಹಳ್ಳಿಯ ನಿಲ್ದಾಣವು ಮಾಡುತ್ತಿದ್ದ ಕೆಲಸವನ್ನು ಇಂದಿನ ತರುಣರು ಕಂಡಿಲ್ಲ. ಎದುರುಬದುರಾಗಿ ಎರಡು ಗಾಡಿಗಳು ಒಂದೇ ಹಳಿಗೆ ಬಾರದಂತೆ ತಡೆಯುವುದಕ್ಕಾಗಿ, ಒಂದು ನಿಲ್ದಾಣಕ್ಕೂ ಮುಂದಿನ ನಿಲ್ದಾಣಕ್ಕೂ ನಡುವಣ ದಾರಿಗೆ ಲೋಹದ ಗುಂಡುಗಳಿದ್ದುವು. ಅವು ಒಂದು ಯಂತ್ರದೊಳಗೆ ಭದ್ರವಾಗಿರುವುವು. ಈ ಕಡೆಯ ಮಾಸ್ತರರೂ ಆ ಕಡೆಯ ಮಾಸ್ತರರೂ ತಂತಿಯ ಮೂಲಕ ಗಂಟೆ ಬಾರಿಸಿ ಪರಸ್ಪರ ಒಪ್ಪಿದಲ್ಲದೆ ಯಂತ್ರವು ಗುಂಡನ್ನು ಹೊರಕ್ಕೆ ಬಿಡದು. ಒಂದು ಗುಂಡು ಹೊರಗಿರುವ ತನಕ ಇನ್ನೊಂದು ಬಾರದು. ಆ ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿ, ಇಂಜಿನ್ನಿನಲ್ಲಿರುವವರ ಕೈಗೆ ಕೊಡುವರು. ಅವರು ಹಿಂದಿನ ಭಾಗದ ಗುಂಡನ್ನು ಇವರಿಗೆ ಒಪ್ಪಿಸುವರು. ಗುಂಡು ಯಾರ ಕೈಯಲ್ಲಿದೆಯೋ ಹಳಿ ಅವರದು. ಮಳೆ ಸುರಿಯುತ್ತಿರುವ ಕಗ್ಗತ್ತಲೆಯಲ್ಲಿ, ಸೀಮೆಯೆಣ್ಣೆಯ ಲಾಂದ್ರವನ್ನು ಹಿಡಿದು, ಬರುತ್ತಿರುವ ಇಂಜಿನ್ನಿಗೆ ಬಳೆಯನ್ನೆತ್ತಿ ನಿಲ್ಲುತ್ತಿದ್ದ ಸಣ್ಣ ಸಂಬಳದ ನೌಕರನ ಮೇಲೆ ನೂರಾರು ಜನರ ಪ್ರಾಣವು ನಿಂತಿದ್ದಿತು. ಆ ಕಾಲದ ಮಲೆನಾಡಿನಲ್ಲಿ ಚಳಿಜ್ವರದ ಹಾವಳಿ ಎಷ್ಟಿದ್ದಿತೆಂಬುದನ್ನು ಬಲ್ಲವರಿಗೆ, ಕಾಡಿನ ನಡುವಣ ನಿಲ್ದಾಣಗಳಿಗೆ ವರ್ಗವಾಗಿ ಬಂದವರ ಸಂಸಾರಗಳ ಪಾಡನ್ನು ವಿವರಿಸಬೇಕಾದುದಿಲ್ಲ.

ಇಂಥ ಕಡೆಗಳಲ್ಲಿ ಊರಿನ ಗಡಿಯಾರವೆಂದರೆ ಸ್ಟೇಷನ್ನಿನ ಗಡಿಯಾರ. ತೂಗುಹಾಕಿದ ಹಳಿಯ ತುಂಡಿಗೆ ಕಬ್ಬಿಣದ ಸಲಾಕೆಯಿಂದ ಹೊಡೆದ ಸದ್ದೇ ಗಂಟೆ. ಅಡಿಕೆ, ಅಕ್ಕಿ, ಮರಮುಟ್ಟುಗಳು ಹೊರಕ್ಕೆ ಹೋಗುವುದೂ, ಉಪ್ಪು, ಬಟ್ಟೆ, ಸೀಮೆಯೆಣ್ಣೆ, ಕಾಗದಪತ್ರಗಳು ಒಳಕ್ಕೆ ಬರುವುದೂ ಅದೇ ಬಾಗಿಲಿನಿಂದ. ಅರಸಾಳಿನ ಸುತ್ತಮುತ್ತ ರಿಪ್ಪನ್‌ಪೇಟೆ ಇದೆ, ತಾಲ್ಲೂಕಿನ ಕಸಬೆಯಾದ ಹೊಸನಗರವಿದೆ. ಪದ್ಮಾವತಿಯ ದರ್ಶನಕ್ಕೆ ದೂರದೂರದಿಂದ ಜೈನ ಯಾತ್ರಿಕರು ಬರುವ ಹುಂಚವಿದೆ. ಹೊಸನಗರ ತಾಲ್ಲೂಕಿನ ಬಹುಭಾಗದ ಜನರಿಗೆ ಹೊರಪ್ರಪಂಚದ ಹೊಸ್ತಿಲೆಂದರೆ ಈ ಕಡೆಯ ರೈಲೇ. ಕಾಲೇಜಿಗೆಂದು ಶಿವಮೊಗ್ಗಕ್ಕೆ ಹೊರಟ ಹುಡುಗರೂ, ಆಸ್ಪತ್ರೆಗೆಂದು ಹೊರಟ ಬಸುರಿಯರೂ, ಕೋರ್ಟು ಕಚೇರಿಗೆ ಅಲೆಯುವ ರೈತರೂ ಇಂಥ ಪ್ಲಾಟ್‌ಫಾರಮ್ಮುಗಳ ಮೇಲೆ ಕಾದು ಕುಳಿತವರೇ.

ಇದೇ ಹಳಿಯು ದೊಡ್ಡ ಸಂಗತಿಗಳನ್ನೂ ಕಂಡಿದೆ. 1951ರ ಏಪ್ರಿಲ್ಲಿನಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹವನ್ನು ಹೂಡಿದರು. ಜಗಳದ ಮೂಲ ಗೇಣಿಯ ಭತ್ತವನ್ನು ಅಳೆಯುವ ಕೊಳಗದಲ್ಲಿದ್ದಿತು: ಒಡೆಯರು ಅಳೆದುಕೊಳ್ಳುವ ಕೊಳಗ ದೊಡ್ಡದು, ರೈತರು ನ್ಯಾಯವೆಂದು ಹೇಳಿದ ಕೊಳಗ ಚಿಕ್ಕದು. ಗಣಪತಿಯಪ್ಪನವರೂ ಶಾಂತವೇರಿ ಗೋಪಾಲಗೌಡರೂ ಮುಂದಾಳುಗಳಾಗಿದ್ದ ಈ ಹೋರಾಟಕ್ಕೆ ಆ ವರ್ಷದ ಜೂನ್ ತಿಂಗಳಲ್ಲಿ ಡಾಕ್ಟರ್ ರಾಮಮನೋಹರ ಲೋಹಿಯಾರವರು ಬಂದರು; ಸಾಗರದ ರೈಲು ನಿಲ್ದಾಣದಲ್ಲಿಯೇ ಬಂಧಿತರಾದರು. ಕರ್ನಾಟಕದ ಭೂಸುಧಾರಣೆಯ ಚರಿತ್ರೆಯನ್ನು ಬರೆಯುವವರು ಈ ನಿಲ್ದಾಣವನ್ನು ದಾಟಿ ಹೋಗಲಾರರು. ಕೊಳಗದ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಆ 1951ರಲ್ಲಿಯೇ ಮೈಸೂರು ರೈಲ್ವೆಯು ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. 2003ರಲ್ಲಿ ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಈ ದಾರಿಯು ಸೇರಿತು. ದೇಶದ ಹಳಿಗಳೆಲ್ಲವೂ ಅಗಲವಾಗುತ್ತಿದ್ದ ಕಾಲದಲ್ಲಿ ಇಲ್ಲಿ ಮಾತ್ರ ಮೀಟರ್ ಗೇಜು ಉಳಿದು, ಕೊನೆಕೊನೆಯ ವರ್ಷಗಳಲ್ಲಿ ರೈಲೂ ಅಲ್ಲದ ಬಸ್ಸೂ ಅಲ್ಲದ ‘ರೈಲ್ ಬಸ್’ ಎಂಬುದು ಕಾಡಿನ ನಡುವೆ ಓಡಾಡುತ್ತಿದ್ದಿತು. ಬಳಿಕ ಹಳಿಯನ್ನು ಕಿತ್ತು ಅಗಲಗೊಳಿಸುವ ಕೆಲಸ ನಡೆದು, 2011ರ ವೇಳೆಗೆ ಅದು ತಾಳಗುಪ್ಪದವರೆಗೆ ಪೂರ್ತಿಯಾಯಿತು. ಇದರಿಂದ ಪ್ರಯೋಜನವಾಗಲಿಲ್ಲವೆಂದು ಯಾರೂ ಹೇಳಲಾರರು. ಶಿವಮೊಗ್ಗದಲ್ಲಿ ಗಾಡಿ ಬದಲಿಸುವ ತೊಂದರೆ ತಪ್ಪಿ, ಸಾಗರದಲ್ಲಿ ಹತ್ತಿದವನು ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಇಳಿಯುವಂತಾಯಿತು. ಹಳೆಯದೆಂಬ ಒಂದೇ ಕಾರಣಕ್ಕಾಗಿ ಹಳೆಯ ಹಳಿಗಾಗಿ ಕಣ್ಣೀರಿಡುವವರ ಪಂಕ್ತಿಯಲ್ಲಿ ನಾವಿಲ್ಲ.

ಇನ್ನು ಮಾಲ್ಗುಡಿಯ ವಿಷಯ. ಆರ್. ಕೆ. ನಾರಾಯಣರವರು ಇಂಗ್ಲಿಷಿನಲ್ಲಿ ಬರೆದವರಾದರೂ ಮೈಸೂರಿನಲ್ಲಿ ಬೆಳೆದು ಬಾಳಿದವರು. ಅವರನ್ನು ಹೊರಗಿನವರೆಂದು ನಾವು ಎಣಿಸುವುದಿಲ್ಲ. 1930ರ ವಿಜಯದಶಮಿಯ ದಿನ ಬೆಂಗಳೂರಿನಲ್ಲಿ ಅವರು ಬರೆಯಲು ಕುಳಿತಾಗ, ಮೊಟ್ಟಮೊದಲು ಅವರ ಮನಸ್ಸಿನೆದುರು ಮೂಡಿದುದು ಒಂದು ಪುಟ್ಟ ರೈಲು ನಿಲ್ದಾಣವಂತೆ. ಊರು ಅದರ ಬೆನ್ನಿಗೆ ಬಂದಿತಂತೆ. ಆ ಬರವಣಿಗೆಯೇ 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂಬ ಕಾದಂಬರಿಯಾಗಿ ಹೊರಬಂದಿತು. 1958ರಲ್ಲಿ ಪ್ರಕಟವಾಗಿ, ಮುಂದೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ‘ದಿ ಗೈಡ್’ ಕಾದಂಬರಿಯ ನಾಯಕನೂ ಸ್ಟೇಷನ್ನಿನಲ್ಲಿ ಅಂಗಡಿಯಿಟ್ಟಿದ್ದ ‘ರೈಲ್ವೆ ರಾಜು’ವೇ. ಅಂಥ ಲೇಖಕರ ಊರನ್ನು ತೆರೆಯ ಮೇಲೆ ತರಬೇಕಾದಾಗ ಶಂಕರ್ ನಾಗರು ಆಗುಂಬೆಗೆ ಹೋದರು. ನಿಲ್ದಾಣಕ್ಕಾಗಿ ಅರಸಾಳಿಗೆ ಬಂದರು. 1986ರಿಂದ ದೂರದರ್ಶನದಲ್ಲಿ ‘ಮಾಲ್ಗುಡಿ ಡೇಸ್’ ಬಂದಾಗ, ಟೆಲಿವಿಷನ್ ಪೆಟ್ಟಿಗೆಯಿದ್ದ ಮನೆಗಳಲ್ಲಿ ನೆರೆಹೊರೆಯ ಹುಡುಗರೆಲ್ಲ ಜಮಖಾನದ ಮೇಲೆ ಒತ್ತಿಕೊಂಡು ಕುಳಿತು ನೋಡಿದುದು ನಮಗೆ ಚೆನ್ನಾಗಿ ನೆನಪಿದೆ. ಆ ಹುಡುಗರಲ್ಲಿ ನಾವೂ ಒಬ್ಬರು. ಕಥೆ ಇಂಗ್ಲಿಷಿನದು, ಮಾತು ಹಿಂದಿಯದು; ಆದರೆ ಮಾಸ್ಟರ್ ಮಂಜುನಾಥನ ಮುಖ, ಗಿರೀಶ್ ಕಾರ್ನಾಡರ ಗಾಂಭೀರ್ಯ, ವೈಶಾಲಿ ಕಾಸರವಳ್ಳಿಯವರ ತಾಯ್ತನ, ಹಿಂದಿನ ಮಳೆ ಮತ್ತು ಮಣ್ಣು ಎಲ್ಲವೂ ಕನ್ನಡದವು. 1990ರಲ್ಲಿ ಶಂಕರ್ ನಾಗರು ಅಪಘಾತದಲ್ಲಿ ತೀರಿಕೊಂಡ ಮೇಲೆ ಆ ಕೃತಿಯ ಮೇಲಣ ಜನರ ಅಭಿಮಾನವು ಇಮ್ಮಡಿಯಾಯಿತು. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜರವರ ಕೈಯೇ ಅರಸಾಳಿನ ಹಳೆಯ ಕಟ್ಟಡವನ್ನು ಸಂಗ್ರಹಾಲಯವಾಗಿ ಅಣಿಗೊಳಿಸುವಾಗಲೂ ಕೆಲಸ ಮಾಡಿದುದು ಉಚಿತವಾಗಿಯೇ ಇದೆ. ಅಲ್ಲಿ ನಿಲ್ಲಿಸಿರುವ ಹಳೆಯ ಗಾಡಿಯಲ್ಲಿ ಕುಳಿತು ಚಹಾ ಕುಡಿಯುವವರ ಸಂತೋಷಕ್ಕೆ ನಾವು ಅಡ್ಡಬರುವುದಿಲ್ಲ.

ಆದರೆ ಗೌರವಿಸುವುದು ಬೇರೆ, ಗ್ರಾಮದ ಹೆಸರನ್ನು ತೊಡೆಯುವುದು ಬೇರೆ. ಹಿಂದೆ ನಾವು ಬದಲಿಸಿದ ಹೆಸರುಗಳಾವುವು? ಬೌರಿಂಗ್‌ಪೇಟೆ ಬಂಗಾರಪೇಟೆಯಾಯಿತು, ಫ್ರೆಂಚ್ ರಾಕ್ಸ್ ಪಾಂಡವಪುರವಾಯಿತು, ಕ್ಲೋಸ್‌ಪೇಟೆ ರಾಮನಗರವಾಯಿತು. ಪರಕೀಯ ಅಧಿಕಾರಿಗಳ, ಸೈನ್ಯಗಳ ಗುರುತನ್ನು ತೆಗೆದು, ಕನ್ನಡಿಗರ ನಾಲಗೆಗೆ ಒಗ್ಗುವ ಹೆಸರನ್ನಿಟ್ಟುದು ಅದು. ಅರಸಾಳಿನಲ್ಲಿ ಪರಕೀಯವಾದುದು ಏನಿದೆ? ಅರಸನೂ ಆಳೂ ಜೊತೆಗೆ ನಿಂತಂತೆ ಕಿವಿಗೆ ಕೇಳುವ ಅಚ್ಚಗನ್ನಡದ ಹೆಸರದು. ಎಲ್ಲಿಯೂ ಇಲ್ಲದ ಊರಿಗಾಗಿ ಇರುವ ಊರನ್ನು ಭೂಪಟದಿಂದ ಅಳಿಸಬೇಕೆಂಬುದು ವಿಚಿತ್ರವಾದ ತರ್ಕ. ಮಾಲ್ಗುಡಿಯು ಎಲ್ಲಿದೆಯೆಂದು ಕೇಳಿದವರಿಗೆ ಅದು ಕಲ್ಪನೆಯ ಊರೆಂದೇ ನಾರಾಯಣರು ಹೇಳುತ್ತಿದ್ದರು. ಅವರೇ ಕೈಹಿಡಿದು ತೋರಿಸದ ಊರನ್ನು ನಾವು ನಾಮಫಲಕವನ್ನು ನೆಟ್ಟು ತೋರಿಸಹೊರಟರೆ ಅವರ ಕಲ್ಪನೆಯನ್ನೂ ಕಟ್ಟಿಹಾಕಿದಂತಾಗುವುದಲ್ಲವೆ?

ಈ ವಿಷಯದಲ್ಲಿ ಸ್ವತಃ ನಾರಾಯಣರ ಸಾಕ್ಷ್ಯವಿದೆ. ಅವರ ‘ಲಾಲೀ ರೋಡ್’ ಎಂಬ ಕಥೆಯಲ್ಲಿ, ಸ್ವಾತಂತ್ರ್ಯ ಬಂದ ಉತ್ಸಾಹದಲ್ಲಿ ಮಾಲ್ಗುಡಿಯ ಮುನಿಸಿಪಾಲಿಟಿಯವರು ಬೀದಿ ಬಡಾವಣೆಗಳಿಗೆಲ್ಲ ಹೊಸ ಹೆಸರುಗಳನ್ನಿಡುವರು. ಪರಿಣಾಮವಾಗಿ ಯಾರಿಗೂ ಯಾವ ಬೀದಿಯೂ ತಿಳಿಯದೆ ಕಾಗದಗಳು ತಪ್ಪಿದ ವಿಳಾಸಕ್ಕೆ ಹೋಗತೊಡಗುವುವು. ಆಂಗ್ಲ ಅಧಿಕಾರಿಯೊಬ್ಬನ ಪ್ರತಿಮೆಯನ್ನು ಬಹಳ ಕಷ್ಟದಿಂದ ಕಿತ್ತುಹಾಕಿದ ಮೇಲೆ, ಅವನು ಊರಿಗೆ ಉಪಕಾರ ಮಾಡಿದವನೆಂಬುದು ಬಯಲಿಗೆ ಬರುವುದು. ಹೆಸರು ಬದಲಿಸುವವರ ಆತುರವನ್ನು ಕಂಡು ಇಷ್ಟು ಚೆನ್ನಾಗಿ ನಕ್ಕವರ ಹೆಸರಿನಲ್ಲಿಯೇ ಒಂದು ಊರಿನ ಹೆಸರನ್ನು ಬದಲಿಸುವುದೆಂದರೆ, ಅವರ ಪುಸ್ತಕಗಳನ್ನು ಓದಿರುವವರು ಮಾಡುವ ಕೆಲಸವೆಂದು ನಮಗೆ ತೋರುವುದಿಲ್ಲ.

ನಿಲ್ದಾಣದ ಹೆಸರನ್ನು ರೈಲ್ವೆಯವರು ತಾವಾಗಿಯೇ ಬದಲಿಸಲಾರರು. ರಾಜ್ಯ ಸರ್ಕಾರವು ಸೂಚಿಸಿ, ಕೇಂದ್ರದ ಗೃಹ ಇಲಾಖೆಯು ಒಪ್ಪಿಗೆಯನ್ನಿತ್ತ ಮೇಲೆಯೇ ಅದು ನಡೆಯತಕ್ಕದ್ದು. ಆದುದರಿಂದ ನಮ್ಮ ಮಾತು ಮೊದಲು ಬೆಂಗಳೂರಿನ ಕಾರ್ಯಾಲಯಗಳಲ್ಲಿರುವವರಿಗೆ: ಇಂಥ ಸೂಚನೆಯ ಕಡತವು ಮೇಜಿನ ಮೇಲೆ ಬಂದರೆ ಅರಸಾಳಿನ ಗ್ರಾಮಸಭೆಯನ್ನು ಕೇಳದೆ ಸಹಿ ಹಾಕಬಾರದು.

ಇದಕ್ಕಿಂತಲೂ ದೊಡ್ಡ ವಿಷಯವೆಂದರೆ ಗಾಡಿಗಳ ನಿಲುಗಡೆ. ನಿಲ್ದಾಣವೆಂಬ ಮಾತಿನ ಅರ್ಥವೇ ನಿಲ್ಲುವ ಸ್ಥಳ. ಕಟ್ಟಡಕ್ಕೆ ಬಣ್ಣ ಹೊಡೆದು, ಗೋಡೆಗೆ ಚಿತ್ರಗಳನ್ನು ತೂಗುಹಾಕಿ, ಗಾಡಿ ಮಾತ್ರ ಸಿಳ್ಳು ಹಾಕಿ ಮುಂದಕ್ಕೆ ಹೋಗುವಂತಾದರೆ ಅದು ನಿಲ್ದಾಣವಲ್ಲ, ನಿಲ್ದಾಣದ ಭಾವಚಿತ್ರ. 2020ರಲ್ಲಿ ಸಾಂಕ್ರಾಮಿಕ ರೋಗದ ಕಾರಣ ದೇಶದ ಗಾಡಿಗಳೆಲ್ಲ ನಿಂತಿದ್ದಾಗ, ವೇಳಾಪಟ್ಟಿಯನ್ನು ಸೊನ್ನೆಯಿಂದ ಹೊಸದಾಗಿ ರಚಿಸುವ ಯೋಜನೆಯನ್ನು ರೈಲ್ವೆ ಮಂಡಲಿಯವರು ಕೈಗೊಂಡರು. ದಿನಕ್ಕೆ ಐವತ್ತು ಮಂದಿಯಾದರೂ ಹತ್ತಿ ಇಳಿಯದ ಕಡೆಗಳಲ್ಲಿ ದೂರದ ಗಾಡಿಗಳನ್ನು ನಿಲ್ಲಿಸಬಾರದೆಂಬ ಅಳತೆಯು ಆಗ ಪತ್ರಿಕೆಗಳಲ್ಲಿ ಪ್ರಕಟವಾಯಿತು. ದೇಶದ ಅನೇಕ ಸಣ್ಣ ನಿಲುಗಡೆಗಳು ಆ ಹೊಡೆತಕ್ಕೆ ಸಿಕ್ಕಿದುವು. ಪ್ಯಾಸೆಂಜರ್ ಗಾಡಿಗಳಿಗೆ ಎಕ್ಸ್‌ಪ್ರೆಸ್ ಎಂಬ ಹೆಸರನ್ನಿತ್ತು, ಹತ್ತು ರೂಪಾಯಿಗಳಿದ್ದ ಕನಿಷ್ಠ ದರವನ್ನು ಮೂವತ್ತಕ್ಕೇರಿಸಿದುದೂ ಆಗಲೇ. 2024ರಲ್ಲಿ ಅದನ್ನು ಮತ್ತೆ ಹತ್ತಕ್ಕಿಳಿಸಬೇಕಾಯಿತು.

ಇಲ್ಲಿ ಕಾಗೋಡಿನ ಕೊಳಗ ನೆನಪಾಗುತ್ತದೆ. ಅಳೆಯುವವರ ಕೈಯಲ್ಲಿ ಕೊಳಗವಿರುವಾಗ ಅದರ ಗಾತ್ರವನ್ನು ಪ್ರಶ್ನಿಸುವುದು ಅಳೆಯಿಸಿಕೊಳ್ಳುವವರ ಹಕ್ಕು. ಗಾಡಿಯು ಅಪರಾತ್ರಿಯಲ್ಲಿ ಬರುವುದಾದರೆ, ಇಳಿದವರಿಗೆ ಊರು ಸೇರಲು ಬಸ್ಸಿಲ್ಲವಾದರೆ, ಐವತ್ತು ಮಂದಿ ಬರುವುದು ಹೇಗೆ? ಮೊದಲು ವೇಳೆಯನ್ನು ಕೆಡಿಸುವುದು. ಬಳಿಕ ಜನರು ಕಡಿಮೆಯೆಂದು ಲೆಕ್ಕ ತೋರಿಸುವುದು. ಬಳಿಕ ನಿಲುಗಡೆಯನ್ನು ತೆಗೆಯುವುದು. ದೇಶದ ಎಷ್ಟೋ ಹಳ್ಳಿಗಳ ನಿಲ್ದಾಣಗಳು ಹಾಳುಬಿದ್ದ ಕ್ರಮವು ಇದೇ. ಹಳ್ಳಿಯವರಿಗೆ ನಿಲುಗಡೆ ಸಿಗಬೇಕಾದರೆ ಐವತ್ತು ತಲೆಗಳ ಲೆಕ್ಕ ಬೇಕು. ಅದೇ ಹಳ್ಳಿಯ ಹಳೆಯ ಕಟ್ಟಡವನ್ನು ನೋಡಲು ಬರುವ ಪ್ರವಾಸಿಗಳ ವಿಷಯದಲ್ಲಿ ಯಾರೂ ತಲೆ ಎಣಿಸಲಿಲ್ಲ. ಅವರ ಸಲುವಾಗಿ ಕೋಟಿಗೂ ಮೀರಿದ ಹಣ ಒದಗಿತು. ಒದಗಿದುದು ತಪ್ಪಲ್ಲ, ಒಂದೇ ಕೊಳಗದಿಂದ ಇಬ್ಬರಿಗೂ ಅಳೆಯಬೇಕೆಂದು ಹೇಳುತ್ತೇವೆ.

ಈ ದಾರಿಯಲ್ಲಿ ಓಡುವ ಮೈಸೂರು–ತಾಳಗುಪ್ಪದ ಗಾಡಿಗೆ 2022ರಲ್ಲಿ ಕುವೆಂಪುರವರ ಹೆಸರನ್ನಿಟ್ಟರು. ಮಲೆನಾಡಿನ ಮಹಾಕವಿಯ ಹೆಸರು ಮಲೆನಾಡಿನ ಗಾಡಿಗೆ ಸಲ್ಲುವುದು ಯೋಗ್ಯವೇ. ಯಾವ ಗ್ರಾಮದ ಹೆಸರನ್ನೂ ಕಸಿದುಕೊಳ್ಳದೆ ಲೇಖಕರನ್ನು ಗೌರವಿಸುವ ಮಾರ್ಗವಿದೆಯೆಂಬುದಕ್ಕೆ ಇದೇ ದೃಷ್ಟಾಂತ. ನಾರಾಯಣರ ಹೆಸರನ್ನಾಗಲಿ ಮಾಲ್ಗುಡಿಯ ಹೆಸರನ್ನಾಗಲಿ ಗಾಡಿಗೆ ಇಡುವುದಾದರೆ ನಮ್ಮ ಆಕ್ಷೇಪಣೆಯಿಲ್ಲ. ಸಂಗ್ರಹಾಲಯದ ಮೇಲೆ ಆ ಹೆಸರು ಈಗಾಗಲೇ ಇದೆ, ಇರಲಿ. ನಿಲ್ದಾಣದ ಹಳದಿ ಹಲಗೆಯ ಮೇಲೆ ಅರಸಾಳು ಎಂದೇ ಇರಬೇಕು.

ರೈಲ್ವೆಯವರಿಂದ ನಾವು ಬೇಡುವುದು ಹೆಚ್ಚಲ್ಲ. ಮೈಸೂರು ವಿಭಾಗದವರು ಸಂಗ್ರಹಾಲಯದ ಒಂದು ಕೋಣೆಯನ್ನಾದರೂ ಅರಸಾಳಿಗೇ ಬಿಟ್ಟುಕೊಡಲಿ. ಗುಂಡಿನ ಯಂತ್ರ, ಬೆತ್ತದ ಬಳೆ, ದಪ್ಪ ಕಾಗದದ ಹಳೆಯ ಟಿಕೆಟ್ಟು, ಮೀಟರ್ ಗೇಜಿನ ಕಾಲದ ವೇಳಾಪಟ್ಟಿ, ಕೈಬರಹದ ಸ್ಟೇಷನ್ ಡೈರಿಗಳು ಇವುಗಳಲ್ಲಿ ವಿಭಾಗದ ಉಗ್ರಾಣಗಳಲ್ಲಿ ಉಳಿದಿರುವುದನ್ನು ಅಲ್ಲಿಗೆ ತಂದು, ಕನ್ನಡದಲ್ಲಿ ವಿವರಣೆಯನ್ನು ಬರೆದಿಡಲಿ. ಸ್ವಾಮಿಯನ್ನು ನೋಡಲು ಬಂದ ಹುಡುಗನು ಬಳೆಯನ್ನು ಕೈಯಲ್ಲಿ ಹಿಡಿದು ನೋಡಿಕೊಂಡು ಹೋಗಲಿ. ಹಗಲು ಓಡಾಡುವ ಗಾಡಿಗ ಳೆಲ್ಲವೂ ಅರಸಾಳಿನಲ್ಲಿ ಒಂದೊಂದು ನಿಮಿಷವಾದರೂ ನಿಲ್ಲಲಿ. ಗಾಡಿಯ ವೇಳೆಗೆ ಸರಿಯಾಗಿ ರಿಪ್ಪನ್‌ಪೇಟೆ, ಹೊಸನಗರ, ಹುಂಚಗಳ ಕಡೆಗೆ ಬಸ್ಸು ಹೊರಡುವಂತೆ ಜಿಲ್ಲಾಧಿಕಾರಿಗಳು ಏರ್ಪಡಿಸಲಿ. ಒಂದು ವರ್ಷ ಹೀಗೆ ನಡೆಸಿದ ಮೇಲೆ ತಲೆಗಳನ್ನು ಎಣಿಸಿದರೆ ಆ ಲೆಕ್ಕವನ್ನು ನಾವೂ ಒಪ್ಪಿಕೊಳ್ಳುವೆವು.

ಶಿವಮೊಗ್ಗ, ಸಾಗರ, ಬೀರೂರುಗಳಲ್ಲಿ ಈ ದಾರಿಯ ಮೇಲೆ ದುಡಿದು ನಿವೃತ್ತರಾದ ಮಾಸ್ತರರು, ಗಾರ್ಡುಗಳು, ಪಾಯಿಂಟ್ಸ್‌ಮನ್ನರು ಇಂದಿಗೂ ಇರುವರು. ಮೀಟರ್ ಗೇಜಿನ ದಿನಗಳನ್ನು ಕಂಡವರ ಸಂಖ್ಯೆ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದೆ. ಅಂಥವರು ತಮ್ಮ ನೆನಪುಗಳನ್ನು ಬರೆದು ಕಳುಹಿಸಿದರೆ ಈ ಪತ್ರಿಕೆಯಲ್ಲಿ ಸಂತೋಷದಿಂದ ಪ್ರಕಟಿಸುವೆವು. ಬರೆಯಲಾರದವರು ಮನೆಯ ಮಕ್ಕಳಿಂದ ಬರೆಯಿಸಬಹುದು. ಹಳೆಯ ಟಿಕೆಟ್ಟು, ಭಾವಚಿತ್ರ, ಲಾಂದ್ರ ಮೊದಲಾದ ವಸ್ತುಗಳನ್ನು ಮಾತ್ರ ನಮ್ಮ ಕಾರ್ಯಾಲಯಕ್ಕೆ ಕಳುಹಿಸಬಾರದು. ಅವು ಅರಸಾಳಿಗೇ ಹೋಗಲಿ.